ವೇದಿಕೆಯ ಮೇಲೆ ನಾವು ಪಾದರಕ್ಷೆ ಧರಿಸಿದ ವಿಚಾರವಾಗಿ

ಬ್ಯಾಂಡ್ ಕಟ್ಟಲು ಹೊರಟಿರುವ ಕಿರಿಯರ ಗಮನಕ್ಕೆ,

ವಿಷಯ: ಕುಟುಂಬ ಸಮೇತ ಬ್ಲೂಗ್ರಾಸ್ ಸಂಗೀತ ನುಡಿಸುವ ಉದ್ಯೋಗದ ನಿಜಸ್ಥಿತಿ.

ಕಳೆದ ದೀಪಾವಳಿಯ ಊಟಕ್ಕೆ ಬಾಡ್‌ಹೂವೆಡಾರ್ಪ್‌ನ ಪರಿಚಿತರೊಬ್ಬರ ಮನೆಯಲ್ಲಿ ಸೇರಿದ್ದಾಗ ನಿಮ್ಮಲ್ಲಿ ಇಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತು, "ಆಂಟಿ, ನಾವೂ ಒಂದು ಬ್ಯಾಂಡ್ ಮಾಡ್ಬೇಕು ಅಂತಿದೀವಿ. ನೀವು ಅಷ್ಟು ವರ್ಷ ಸ್ಟೇಜ್ ಮೇಲೆ ಇದ್ರಲ್ಲ, ಹೇಗಿರತ್ತೆ ಹೇಳಿ" ಎಂದು ಕೇಳಿದ್ದಿರಿ. ನಾನು "ಚೆನ್ನಾಗಿರತ್ತಪ್ಪ, ಮಾಡಿ" ಎಂದಷ್ಟೇ ಹೇಳಿ ಹೋಳಿಗೆಯ ತಟ್ಟೆಯನ್ನು ನಿಮ್ಮ ಕಡೆಗೆ ಸರಿಸಿದೆ. ಸದರಿ ಉತ್ತರ ಸರಿಯಾದುದಲ್ಲ. ಮನೆಗೆ ಮರಳುವ ರೈಲಿನಲ್ಲಿಯೇ ನನಗೆ ನನ್ನ ಮೇಲೆ ಸಿಟ್ಟು ಬಂತು. ಆದ್ದರಿಂದ ಆ ಉತ್ತರವನ್ನು ಹಿಂಪಡೆದು, ಅದರ ಬದಲಿಗೆ ಈ ಬರಹವನ್ನು ಸಲ್ಲಿಸುತ್ತಿದ್ದೇನೆ.

ಬರೆಯುವ ರೂಢಿ ನನಗಿಲ್ಲ. ಮದುವೆಗೆ ಮುಂಚೆ ಮೈಸೂರಿನ ಒಂದು ಕಚೇರಿಯಲ್ಲಿ ಪತ್ರಗಳನ್ನು ಟೈಪು ಮಾಡುತ್ತಿದ್ದೆ. ನನಗೆ ತಿಳಿದ ಗದ್ಯ ಅದೊಂದೇ ಆಗಿರುವುದರಿಂದ ಅದೇ ರೀತಿಯಲ್ಲಿ ಬರೆದಿದ್ದೇನೆ. ಭಾಷೆಯಲ್ಲಿ ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುತ್ತಿಲ್ಲ. ನಮಗೆ ದೊರೆತ ಫಲಕಗಳು, ಹೂಗುಚ್ಛಗಳ ವಿವರವನ್ನು ಇಲ್ಲಿ ಕೊಟ್ಟಿಲ್ಲ. ಅವುಗಳಿಂದ ನಿಮಗೆ ಉಪಯೋಗವಿಲ್ಲ. ನನ್ನ ಮಗಳು ಮೇಘನಾ ಪಿಟೀಲನ್ನೇ ಬಿಟ್ಟುಬಿಡುವ ಹಂತಕ್ಕೆ ಏಕೆ ಬಂದಳು ಎಂಬುದರಿಂದ ಉಪಯೋಗವಿದೆ.

ಮೊದಲನೆಯದಾಗಿ, ಈ ಉದ್ಯೋಗಕ್ಕೆ ನಾವು ಸೇರಿದ ಬಗೆಯನ್ನು ತಿಳಿಸುತ್ತೇನೆ. ನನ್ನ ಯಜಮಾನರಾದ ಶ್ರೀಪತಿಯವರು ಈ ಡಚ್ಚರ ದೇಶದಲ್ಲಿ ನೈಮೆಗನ್‌ನ ಚಿಪ್ ತಯಾರಿಕೆಯ ಕಂಪನಿಯೊಂದರಲ್ಲಿ ಇಂಜಿನಿಯರಾಗಿದ್ದರು. ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪದ್ಧತಿಯಲ್ಲಿ ಮ್ಯಾಂಡೊಲಿನ್ ಕಲಿತವಳು. ಭಾಷೆ ಬಾರದ ಊರಿನಲ್ಲಿ ಮಧ್ಯಾಹ್ನಗಳನ್ನು ಕಳೆಯುವುದು ಕಷ್ಟವಾದಾಗ ಅದನ್ನು ಪೆಟ್ಟಿಗೆಯಿಂದ ಹೊರತೆಗೆದೆ. ಇಲ್ಲಿನ ಮನೆಗಳ ಗೋಡೆ ಎಷ್ಟು ತೆಳು ಎಂಬುದು ನಿಮಗೆ ತಿಳಿದೇ ಇದೆ. ಒಂದು ದಿನ ಪಕ್ಕದ ಮನೆಯ ಹೆಂಕ್ ಎಂಬ ಹಿರಿಯರು ಬಾಗಿಲ ಗಂಟೆ ಒತ್ತಿದರು. ಇವರು ವಾಲ್ ನದಿಯಲ್ಲಿ ಸರಕು ದೋಣಿ ನಡೆಸಿ ನಿವೃತ್ತರಾದವರು. ಗಲಾಟೆಯ ಬಗ್ಗೆ ದೂರು ಹೇಳಲು ಬಂದರೆಂದು ಭಾವಿಸಿ ನಾನು ಸಾರಿ, ಸಾರಿ ಎನ್ನುತ್ತಲೇ ಬಾಗಿಲು ತೆರೆದೆ. ಅವರು ಬೆನ್ನ ಹಿಂದಿನಿಂದ ಬ್ಯಾಂಜೊ ಎಂಬ ತಂತಿವಾದ್ಯವನ್ನು ತೆಗೆದು ತೋರಿಸಿದರು.

"ಸಾರಿ ಯಾಕೆ ಮೇವ್ರೌ? ನಡುವೆ ನಿಲ್ಲಿಸಿಬಿಟ್ರಲ್ಲ, ಬೇಕಾದರೆ ಅದಕ್ಕೆ ಹೇಳಿ ಸಾರಿ," ಎಂದರು. ಇಲ್ಲಿ ಮರ್ಯಾದೆಗೆ ಹೆಂಗಸರನ್ನು ಮೇವ್ರೌ, ಗಂಡಸರನ್ನು ಮೆನೇರ್ ಎನ್ನುತ್ತಾರೆ.

ಬ್ಲೂಗ್ರಾಸ್ ಎಂಬುದು ಅಮೆರಿಕದ ಗುಡ್ಡಗಾಡಿನ ಕಡೆಯ ಸಂಗೀತ. ಅದರಲ್ಲಿ ಇರುವುದು ತಂತಿವಾದ್ಯಗಳು ಮತ್ತು ಕಂಠ ಮಾತ್ರ. ಹೆಂಕ್ ಅದನ್ನು ದೋಣಿಯ ಕೋಣೆಯಲ್ಲಿ ರೇಡಿಯೋ ಕೇಳಿ ಕಲಿತಿದ್ದರು. ಆ ಸಂಗೀತದಲ್ಲಿ ಡ್ರಮ್ ಇಲ್ಲ. ಡ್ರಮ್ಮಿನ ಕೆಲಸವನ್ನು ಮ್ಯಾಂಡೊಲಿನ್ ಮಾಡುತ್ತದೆ. ಪ್ರತಿ ಎರಡನೇ ಪೆಟ್ಟಿಗೆ ತಂತಿಗಳನ್ನೆಲ್ಲ ಒಟ್ಟಿಗೆ ಮೀಟಿ, ಮೀಟಿದ ಕ್ಷಣದಲ್ಲಿಯೇ ಬೆರಳು ಸಡಿಲಿಸಿ ನಾದವನ್ನು ಕತ್ತರಿಸಬೇಕು. ಇದಕ್ಕೆ ಚಾಪ್ ಎನ್ನುತ್ತಾರೆ. ನನ್ನ ವೃತ್ತಿಜೀವನದ ಬಹುಭಾಗ ಈ ಒಂದು ಕೆಲಸದಲ್ಲಿ ಕಳೆದಿದೆ. ಅದು ಇದ್ದಾಗ ಯಾರಿಗೂ ಕೇಳಿಸುವುದಿಲ್ಲ. ತಪ್ಪಿದಾಗ ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಆದಿತಾಳದಲ್ಲಿ ಬೆಳೆದವಳಾದ್ದರಿಂದ ಲೆಕ್ಕ ತಪ್ಪುತ್ತಿರಲಿಲ್ಲ, ಆದರೆ ಹೆಂಕ್ ತೃಪ್ತರಾಗಲಿಲ್ಲ. "ಮೇವ್ರೌ, ನೀವು ಅನುಮತಿ ಕೇಳ್ತಾ ಬಾರಿಸ್ತೀರಿ. ಬಾಗಿಲು ತಟ್ಟಬೇಡಿ, ಒಳಗೆ ಬನ್ನಿ" ಎಂದು ಗದರಿಸುತ್ತಿದ್ದರು. ನನ್ನ ಕೆಲಸದ ಬಗ್ಗೆ ಮಾತ್ರ ನನ್ನನ್ನು ಬೈದ ಮೇಲಧಿಕಾರಿ ಈ ದೇಶದಲ್ಲಿ ಅವರೊಬ್ಬರೇ. ಉಳಿದವರ ಬಗ್ಗೆ ಮುಂದೆ ಹೇಳುತ್ತೇನೆ.

ಯಜಮಾನರು ಹೆಂಕ್‌ರಿಂದ ಬ್ಯಾಂಜೊ ಕಲಿತರು. ಮೇಘನಾ ಶಾಲೆಯ ಹುಡುಗಿಯಾಗಿದ್ದಾಗಲೇ ನಮ್ಮ ಪದ್ಧತಿಯಲ್ಲಿ ನೆಲದ ಮೇಲೆ ಕುಳಿತು ಪಿಟೀಲು ನುಡಿಸುತ್ತಿದ್ದಳು. ಹೆಂಕ್ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ರಾಟರ್‌ಡ್ಯಾಮ್ ಬಂದರಿನ ಸರಕು ಸಾಗಣೆ ಕಂಪನಿಯಲ್ಲಿದ್ದ ನನ್ನ ಮೈದುನ ಗಿರಿ, ತಾನೊಬ್ಬನೇ ಏಕೆ ಹೊರಗಿರಬೇಕೆಂದು, ಡಬಲ್ ಬೇಸ್ ಎಂಬ, ಮಂದ್ರದಲ್ಲಿ ನುಡಿಯುವ ಆಳೆತ್ತರದ ತಂತಿವಾದ್ಯ ಕೊಂಡು ತಂದ. ವಾರಾಂತ್ಯದಲ್ಲಿ ಅದನ್ನು ರೈಲಿನಲ್ಲಿ ನಿಲ್ಲಿಸಿಕೊಂಡು ಬರುತ್ತಿದ್ದ. "ಅತ್ತಿಗೆ, ಕಂಡಕ್ಟರು ಇವತ್ತೂ ಕೇಳ್ದ, ನಿಮ್ಮ ಹೆಂಡ್ತಿ ಟಿಕೆಟ್ ಎಲ್ಲಿ ಅಂತ" ಎನ್ನುತ್ತ ಒಳಗೆ ಬರುವುದು ಅವನ ವಾಡಿಕೆಯಾಗಿತ್ತು. ಹೀಗೆ ತಂಡ ರಚನೆಯಾಯಿತು. ಯಜಮಾನರು ಕಂಪನಿಯ ಕೆಲಸವನ್ನು ಅರ್ಧಕ್ಕೆ ಇಳಿಸಿಕೊಂಡ ಮೇಲೆ ನಮಗೆ ಇದೇ ಉದ್ಯೋಗವಾಯಿತು.

ಎರಡನೆಯದಾಗಿ, ಕೆಲಸದ ವಿಧಾನ. ಹಳೆಯ ಕ್ರಮದ ಬ್ಲೂಗ್ರಾಸ್ ತಂಡಕ್ಕೆ ವೇದಿಕೆಯ ನಡುವೆ ಒಂದೇ ಮೈಕು. ಎಲ್ಲರೂ ಅದರ ಸುತ್ತ ನಿಲ್ಲಬೇಕು. ಯಾರ ಸರದಿಯೋ ಅವರು ಭುಜ ತೂರಿಸಿ ಮುಂದಕ್ಕೆ ಬರಬೇಕು, ಮುಗಿದ ಕೂಡಲೇ ಇನ್ನೊಬ್ಬರ ಬೆನ್ನ ಹಿಂದಿನಿಂದ ಸರಿದು ಹೋಗಬೇಕು. ಧ್ವನಿ ಹೆಚ್ಚು ಕಡಿಮೆ ಮಾಡುವುದು ನಮ್ಮ ಕಾಲುಗಳೇ. ನಮ್ಮಂತಹ ಮನೆಯವರಿಗೆ ಇದು ಎಷ್ಟು ಕಷ್ಟ ಎಂಬುದನ್ನು ಊಹಿಸಿಕೊಳ್ಳಿ. ನಾನು ಯಜಮಾನರನ್ನು ತಳ್ಳಿಕೊಂಡು ಮುಂದೆ ಹೋಗುತ್ತಿರಲಿಲ್ಲ. ಗಿರಿ ಅತ್ತಿಗೆಗೆ ಮೈ ತಗಲಬಾರದೆಂದು ಮಾರು ದೂರ ಸರಿಯುತ್ತಿದ್ದ. ಎಲ್ಲರೂ ಎಲ್ಲರಿಗೂ ದಾರಿ ಬಿಟ್ಟ ಪರಿಣಾಮವಾಗಿ ಮೈಕಿನ ಮುಂದೆ ಯಾರೂ ಇಲ್ಲದ ಸಂದರ್ಭಗಳು ಉಂಟಾದವು. "ಮೈಕು ಅಲ್ಲೇನು ದೇವರ ಮೂರ್ತಿಯೇ? ಸುತ್ತ ನಿಂತು ಕೈ ಮುಗೀತಿದೀರಲ್ಲ!" ಎಂದು ಹೆಂಕ್ ಕೂಗಿದ್ದರು.

ನಮ್ಮ ಮೊದಲ ಸ್ಪರ್ಧೆಯಲ್ಲಿ ಇನ್ನೂ ದೊಡ್ಡ ಪ್ರಮಾದ ನಡೆಯಿತು. ಹಾಡು ಅತಿ ವೇಗದಲ್ಲಿದ್ದಾಗ ಗಿರಿ ಬೇಸ್ ಸರಿಸುವ ಭರದಲ್ಲಿ ನನ್ನ ಕಾಲನ್ನು ತುಳಿದ. ತುಳಿದವನು ಸುಮ್ಮನೆ ಇರಬಹುದಿತ್ತು. ಅವನ ಬಲಗೈ ತನ್ನಷ್ಟಕ್ಕೆ ತಂತಿ ಬಿಟ್ಟು ಕೆಳಗಿಳಿದು, ನನ್ನ ಕಾಲಿನ ಕಡೆ ಹೋಗಿ, ಕಣ್ಣಿಗೊತ್ತಿಕೊಂಡಿತು. ಅದನ್ನು ನೋಡಿ ನನ್ನ ಕೈಯೂ ಅಭ್ಯಾಸಬಲದಿಂದ ಮೇಲೆದ್ದು "ಇರಲಿ, ಇರಲಿ" ಎಂದು ಸನ್ನೆ ಮಾಡಿತು. ಬೇಸ್ ಇಲ್ಲ, ಚಾಪ್ ಇಲ್ಲ. ತಳವಿಲ್ಲದ ಹಾಡಿನಲ್ಲಿ ಯಜಮಾನರು ಮತ್ತು ಮೇಘನಾ ಗಾಳಿಯಲ್ಲಿ ಓಡಿದರು. ತೀರ್ಪುಗಾರರು ನಾವು ಏನೋ ಪೂಜೆ ಮಾಡಿದೆವೆಂದು ತಿಳಿದು ಚಪ್ಪಾಳೆ ತಟ್ಟಿದರು. ತಪ್ಪಿಗೆ ಚಪ್ಪಾಳೆ ಬಿದ್ದಾಗ ಎಚ್ಚರವಾಗಬೇಕು ಎಂಬುದನ್ನು ನೀವು ಗಮನಿಸತಕ್ಕದ್ದು. ನಾವು ಎಚ್ಚರವಾಗಲಿಲ್ಲ, ನಕ್ಕೆವು.

ಅದೇ ಸ್ಪರ್ಧೆಯಲ್ಲಿ ನಾವು ವೇದಿಕೆಯ ಮೆಟ್ಟಿಲ ಬಳಿ ಶೂಗಳನ್ನು ಸಾಲಾಗಿ ಬಿಟ್ಟು ಹತ್ತಿದ್ದೆವು. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ. ವಾದ್ಯವಿರುವ ಜಾಗಕ್ಕೆ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ, ಅಷ್ಟೇ. ಮೇಘನಾ ಪಿಟೀಲು ಕಲಿಯುವಾಗ ಅದರ ತುದಿ ಅವಳ ಕಾಲಿನ ಹರಡಿನ ಮೇಲೆ ಕೂರುತ್ತಿತ್ತು. ಪಾದ ಶುಚಿಯಾಗಿರಬೇಕೆಂಬುದು ಅವಳಿಗೆ ಶ್ರುತಿ ಮಾಡಿಕೊಳ್ಳುವಷ್ಟೇ ಸಹಜ. ಅದು ಪ್ರೇಕ್ಷಕರಿಗೆ ತೋರಿಸಲು ಮಾಡಿದ ಕೆಲಸವಲ್ಲ. ನಾವು ಅದರ ಬಗ್ಗೆ ನಮ್ಮೊಳಗೆ ಒಂದು ಮಾತೂ ಆಡಿರಲಿಲ್ಲ.

ಅಂದು ಸಭೆಯಲ್ಲಿ ವೌಟರ್ ಎಂಬ ಕಾರ್ಯಕ್ರಮ ಏಜೆಂಟನಿದ್ದ. ಕೆಳಗಿಳಿದ ಕೂಡಲೇ ಬಂದು ನಮ್ಮ ಕೈಗಳನ್ನು ಕುಲುಕಿದ. ಮೇಘನಾ ಅಂದು ಒಂದು ಕಷ್ಟದ ಧಾಟಿಯನ್ನು ಬಹಳ ಚೆನ್ನಾಗಿ ನುಡಿಸಿದ್ದಳು. ಅವನು ಅದರ ಬಗ್ಗೆ ಮಾತನಾಡುತ್ತಾನೆಂದು ಅವಳು ಕಾಯುತ್ತಿದ್ದುದು ನನಗೆ ಕಾಣುತ್ತಿತ್ತು.

"ಪಾದಗಳು!" ಎಂದ ಆ ಮನುಷ್ಯ. "ಅದ್ಭುತ. ಅದನ್ನು ಯಾವತ್ತೂ ಬಿಡಬೇಡಿ."

ಹೆಂಕ್ ನಮ್ಮ ತಂಡಕ್ಕೆ ವಾಲ್ ನದಿಯ ದಂಡೆಯ ಹೆಸರಿಟ್ಟಿದ್ದರು. ವೌಟರ್ ಬಂದ ಮೇಲೆ ಆ ಹೆಸರು ಪೋಸ್ಟರಿನ ಮೂಲೆಗೆ ಹೋಯಿತು. ನಡುವೆ ದೊಡ್ಡ ಅಕ್ಷರಗಳಲ್ಲಿ "ಭಾರತದ ಬರಿಗಾಲಿನ ಕುಟುಂಬ" ಎಂದು ಡಚ್ ಭಾಷೆಯಲ್ಲಿ ಅಚ್ಚಾಯಿತು. ನಾನು ಆಕ್ಷೇಪಣೆ ಸಲ್ಲಿಸಿದೆ. ಯಜಮಾನರು ಅದನ್ನು ತಳ್ಳಿಹಾಕಿದರು.

"ಏನ್ ತಪ್ಪಿದೆ ಸರೂ ಅದರಲ್ಲಿ? ನಾವು ಹೇಗೂ ಬಿಡ್ತೀವಲ್ಲ ಶೂನ."

"ನಾವು ಬಿಡೋದು ಬೇರೆ ರೀ. ಅವನು ಬಿಡಿಸೋದು ಬೇರೆ."

"ಕಾಲು ಅದೇ, ನೆಲ ಅದೇ. ಸ್ವಲ್ಪ ಅಡ್ಜಸ್ಟ್ ಮಾಡ್ಕೋ."

ಕಿರಿಯರೇ, ನಾನು ಈ ಬರಹವನ್ನು ಬರೆಯುತ್ತಿರುವುದು ಮುಖ್ಯವಾಗಿ "ಅಡ್ಜಸ್ಟ್ ಮಾಡ್ಕೋ" ಎಂಬ ಆ ಮಾತಿನ ವಿರುದ್ಧ. ಅದನ್ನು ಕೇಳಿ ಕೇಳಿ ನಾನು ಅಷ್ಟು ವರ್ಷ ಎರಡನೇ ಪೆಟ್ಟನ್ನೇ ಬಾರಿಸಿದೆ. ವೌಟರ್ ಏನು ಹೇಳಿದರೂ ಯಜಮಾನರಿಗೆ ಸರಿ. ಅವರು ಕೆಟ್ಟವರಲ್ಲ; ಒಂದು ಪರದೇಶದಲ್ಲಿ ಜನ ತಮ್ಮನ್ನು ನೋಡಿ ಎದ್ದು ನಿಲ್ಲುತ್ತಾರೆಂಬುದು ಅವರ ತಲೆಗೆ ಏರಿತ್ತು. ಜನ ಎದ್ದು ನಿಲ್ಲುತ್ತಿದ್ದುದು ಹಿಂದಿನ ಸಾಲಿನವರಿಗೆ ನಮ್ಮ ಪಾದ ಕಾಣುವುದಿಲ್ಲವೆಂಬ ಕಾರಣಕ್ಕೆ ಎಂದು ಗಿರಿ ಹೇಳಿದಾಗ ಇವರು ಒಂದು ವಾರ ಅವನೊಡನೆ ಮಾತು ಬಿಟ್ಟರು.

ಡಚ್ಚರನ್ನು ಮಾತ್ರ ದೂರಿದರೆ ಅನ್ಯಾಯವಾಗುತ್ತದೆ. ನಮ್ಮವರ ಒಂದು ಸಮಾರಂಭಕ್ಕೂ ನಮ್ಮನ್ನು ಕರೆದಿದ್ದರು. ನಾವು ಶ್ರುತಿ ಮಾಡುತ್ತಿರುವಾಗಲೇ ಸಂಘಟಕರಾದ ಯುವಕರೊಬ್ಬರು ಬಗ್ಗಿ ನನ್ನ ಕಿವಿಯಲ್ಲಿ, "ಆಂಟಿ, ಈ ಕೌಬಾಯ್ ಮ್ಯೂಸಿಕ್ ಜಾಸ್ತಿ ಬೇಡ. ಎರಡು ಹಳೇ ಫಿಲ್ಮ್ ಸಾಂಗ್ ಹೊಡೆದುಬಿಡಿ, ಬಿಸಿಬೇಳೆಬಾತ್ ಆರಿಹೋಗ್ತಿದೆ" ಎಂದರು. ಮೇಘನಾ ಒಂದೇ ಧಾಟಿ ನುಡಿಸಿ ಮುಗಿಸುವಷ್ಟರಲ್ಲಿ ಊಟದ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಅಲ್ಲಿ ನಮ್ಮ ಬರಿಗಾಲನ್ನು ಯಾರೂ ಗಮನಿಸಲಿಲ್ಲ ಎಂಬುದು ನಿಜ. ನಮ್ಮ ಸಂಗೀತವನ್ನೂ ಗಮನಿಸಲಿಲ್ಲ. ಒಂದು ಕಡೆ ಪಾದ, ಇನ್ನೊಂದು ಕಡೆ ಊಟ. ಕಿವಿಯನ್ನು ಎಲ್ಲಿ ಹುಡುಕಬೇಕು ಎಂದು ನನ್ನ ಮಗಳು ಅಂದು ಕಾರಿನಲ್ಲಿ ಕೇಳಿದಳು.

ಮೂರನೆಯದಾಗಿ, ವಿಧಾನದಲ್ಲಿ ಆದ ಬದಲಾವಣೆಗಳು. ಹೆಂಕ್ ನಮಗೆ ಕಲಿಸಿದ್ದು ಎದುರಿಗೆ ಕೂರಿಸಿಕೊಂಡು. ಒಂದು ತಿರುವು ಬಾರದಿದ್ದರೆ ಅದನ್ನೇ ಕಾಫಿ ಆರುವವರೆಗೆ ನುಡಿಸುತ್ತಿದ್ದರು. ಈಗ ಮಕ್ಕಳು ವಿಡಿಯೋವನ್ನು ನಿಧಾನಗೊಳಿಸಿ ಕಲಿಯುತ್ತಾರೆ. ಅದರಲ್ಲಿ ತಪ್ಪಿಲ್ಲ, ಮೇಘನಾ ಹಾಗೆಯೇ ಎಷ್ಟೋ ಕಲಿತಳು. ವಾರದ ನಡುವೆ ಗಿರಿಯ ಜೊತೆ ವಿಡಿಯೋ ಕರೆಯಲ್ಲಿ ಅಭ್ಯಾಸ ಮಾಡಲು ಪ್ರಯತ್ನಿಸಿ ಕೈಬಿಟ್ಟೆವು. ರಾಟರ್‌ಡ್ಯಾಮಿನ ಬೇಸ್ ನೈಮೆಗನ್ ತಲುಪುವಷ್ಟರಲ್ಲಿ ನನ್ನ ಚಾಪ್ ಮುಂದಿನ ಸ್ಟೇಷನ್ನಿಗೆ ಹೋಗಿರುತ್ತಿತ್ತು. ಒಬ್ಬೊಬ್ಬರ ವಾದ್ಯಕ್ಕೂ ಚಿಕ್ಕ ಮೈಕು ಸಿಕ್ಕಿಸುವ ಪದ್ಧತಿ ಬಂತು. ಆದರೆ ವೌಟರ್ ಒಂದೇ ಮೈಕನ್ನು ಬಿಡಲು ಒಪ್ಪಲಿಲ್ಲ. ಅದರ ಸುತ್ತ ನಾವು ಓಡಾಡಿದರೆ ಪಾದಗಳು ಚಲಿಸುತ್ತವೆ, ಚಲಿಸಿದರೆ ವಿಡಿಯೋ ಚೆನ್ನಾಗಿ ಬರುತ್ತದೆ ಎಂಬುದು ಅವನ ಕಾರಣ.

ವಿಡಿಯೋ ವಿಚಾರದಲ್ಲಿ ನಡೆದದ್ದನ್ನು ನಾನು ಇಂದಿಗೂ ಸಮಾಧಾನದಿಂದ ಹೇಳಲಾರೆ. ಮೇಘನಾ ಆ ವೇಳೆಗೆ ವಿಶ್ವವಿದ್ಯಾಲಯದ ಓದು ಮುಗಿಸಿ, ಪೂರ್ಣಾವಧಿ ಸಂಗೀತಕ್ಕೇ ಬರುವುದೆಂದು ನಿರ್ಧರಿಸಿದ್ದಳು. ಒಂದು ಸ್ವಂತ ರಚನೆ ಮಾಡಿದ್ದಳು. ಮೇಲಿನ ತಂತಿಯಲ್ಲಿ ಹೊರಡುವ ಧಾಟಿ ಎರಡನೇ ಸುತ್ತಿನಲ್ಲಿ ಇದ್ದಕ್ಕಿದ್ದಂತೆ ಮಂದ್ರಕ್ಕೆ ಇಳಿಯುತ್ತದೆ. ನಮ್ಮ ಗಮಕ ಅಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಇದೆ. ಹೆಂಕ್ ಆಗ ವೃದ್ಧಾಶ್ರಮದಲ್ಲಿದ್ದರು. ಅದನ್ನು ಕೇಳಿ, ಇನ್ನೊಮ್ಮೆ ಎಂದು ಬೆರಳೆತ್ತಿದರು. ಅವರು ಬದುಕಿದ್ದಾಗ ನಾವು ಅವರನ್ನು ನೋಡಿದ್ದು ಅದೇ ಕೊನೆ.

ವೌಟರ್ ಅದರ ಚಿತ್ರೀಕರಣ ಮಾಡಿಸಿದ. ವಿಡಿಯೋ ಹೊರಬಂದಾಗ ನಾವೆಲ್ಲ ಅಡುಗೆಮನೆಯ ಮೇಜಿನ ಸುತ್ತ ಸೇರಿ ನೋಡಿದೆವು. ಮೊದಲಿಂದ ಕೊನೆಯವರೆಗೆ ಅದರಲ್ಲಿ ಇದ್ದುದು ಮೇಘನಾಳ ಪಾದಗಳು. ಪಿಟೀಲಿನ ಕಮಾನು ಒಂದೇ ಒಂದು ಸಲ, ಅದೂ ಅವಳು ಕೈ ಕೆಳಗಿಳಿಸಿದ್ದರಿಂದ, ಚೌಕಟ್ಟಿನೊಳಗೆ ಬಂದಿತ್ತು.

ಗಿರಿ ಮೊದಲು ಮಾತನಾಡಿದ. "ಪುಟ್ಟಿ, ಮುಂದಿನ ಸಲ ಪಿಟೀಲನ್ನ ಕಾಲಿಗೆ ಕಟ್ಟಿಕೊಂಡು ಬಾರಿಸು. ಆಗ ಕಾಣತ್ತೆ."

ಯಾರೂ ನಗಲಿಲ್ಲ. ಯಜಮಾನರು, "ಎಷ್ಟು ಜನ ನೋಡಿದಾರೆ ನೋಡು," ಎಂದರು.

"ಏನನ್ನ ನೋಡಿದಾರೆ ಅಪ್ಪ?" ಎಂದು ಮೇಘನಾ ಕೇಳಿದಳು. ಅವಳ ಧ್ವನಿ ಏರಿರಲಿಲ್ಲ. ಅದು ನನಗೆ ಹೆಚ್ಚು ಭಯ ಹುಟ್ಟಿಸಿತು.

ಅನಂತರದ ವಸಂತದಲ್ಲಿ ಬಯಲು ವೇದಿಕೆಯ ಉತ್ಸವವೊಂದಕ್ಕೆ ಹೋದೆವು. ಇಲ್ಲಿನ ವಸಂತ ಎಂಥದೆಂದು ನಿಮಗೆ ತಿಳಿದಿದೆ: ಟುಲಿಪ್ ಅರಳಿರುತ್ತದೆ, ಉಸಿರು ಹೊಗೆಯಾಗಿರುತ್ತದೆ. ಹಲಗೆಗಳು ಒದ್ದೆಯಾಗಿದ್ದವು. ಮೇಘನಾಳಿಗೆ ಆ ಚಳಿಗಾಲವಿಡೀ ವಿಂಟರ್‌ಟೇನೆನ್ ಎಂದು ಇಲ್ಲಿನವರು ಕರೆಯುವ ತೊಂದರೆ ಇತ್ತು. ಚಳಿಗೆ ಕಾಲ್ಬೆರಳು ಊದಿ, ಕೆಂಪಾಗಿ, ಉರಿ ಮತ್ತು ನವೆ ಹತ್ತುತ್ತದೆ. ನಾನು ವೌಟರ್‌ನ ಮುಂದೆ ನಿಂತು, ಇಂದು ಶೂ ಧರಿಸಿಯೇ ನುಡಿಸುತ್ತೇವೆ ಎಂದು ಡಚ್ ಭಾಷೆಯಲ್ಲಿ, ತಪ್ಪಿಲ್ಲದಂತೆ ಮೊದಲೇ ಬಾಯಿಪಾಠ ಮಾಡಿಕೊಂಡು, ತಿಳಿಸಿದೆ.

"ಮೊದಲ ಹಾಡಿಗೆ ಮಾತ್ರ ಬಿಚ್ಚಿ," ಎಂದ. "ಫೋಟೋದವರು ಆಮೇಲೆ ಹೋಗ್ತಾರೆ. ಇದು ನಿಮ್ಮ ಸಂಸ್ಕೃತಿಯಲ್ಲವೇ? ನಾನು ಅದನ್ನು ಗೌರವಿಸುತ್ತಿದ್ದೇನೆ."

ದಪ್ಪ ಉಣ್ಣೆಯ ಕಾಲುಚೀಲ, ಮೇಲೆ ಬೂಟು ಧರಿಸಿ ನಿಂತ ಮನುಷ್ಯ ನನಗೆ ನನ್ನ ಸಂಸ್ಕೃತಿಯನ್ನು ನೆನಪಿಸಿದ. ಯಜಮಾನರು ಆಗಲೇ ಬಗ್ಗಿ ಲೇಸು ಬಿಚ್ಚುತ್ತಿದ್ದರು. "ಒಂದೇ ಹಾಡಲ್ವಾ ಸರೂ" ಎಂದರು. ಒಂದೇ ಹಾಡು ಎಂದದ್ದು, ಫೋಟೋದವರು ಹೋಗದ ಕಾರಣ, ಇಡೀ ಕಾರ್ಯಕ್ರಮವಾಯಿತು. ಮೇಘನಾ ತನ್ನ ರಚನೆಯನ್ನು ನುಡಿಸಬೇಕಾದ ಸರದಿ ಬಂದಾಗ ಮೈಕಿನ ಮುಂದಕ್ಕೆ ಬರಲೇ ಇಲ್ಲ. ತಲೆಯಾಡಿಸಿ ಅಪ್ಪನಿಗೆ ದಾರಿ ಬಿಟ್ಟಳು. ಪ್ರೇಕ್ಷಕರಿಗೆ ವ್ಯತ್ಯಾಸ ತಿಳಿಯಲಿಲ್ಲ.

ಕಾರಿನಲ್ಲಿ ಅವಳ ಪಾದಗಳನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಶಾಲು ಸುತ್ತಿದೆ.

"ಅಮ್ಮ, I'm done," ಎಂದಳು. "ರಾಟರ್‌ಡ್ಯಾಮ್ ಶೋ ಒಪ್ಕೊಂಡಾಗಿದೆ, ಅದೊಂದು ಮಾಡ್ತೀನಿ. ಆಮೇಲೆ ಪಿಟೀಲು ಮುಟ್ಟಲ್ಲ."

"ನೋವು ಕಡಿಮೆ ಆಗತ್ತೆ ಪುಟ್ಟಿ. ಡಾಕ್ಟ್ರು ಹೇಳಿದಾರಲ್ಲ."

"ಕಾಲಿನ ಮಾತಲ್ಲ ಅಮ್ಮ. ನಾನು ನುಡಿಸದೆ ಸುಮ್ನೆ ನಿಂತಿದ್ರೂ ಅಷ್ಟೇ ಚಪ್ಪಾಳೆ ಬೀಳತ್ತೆ. ಇವತ್ತು ನೋಡಿದ್ಯಲ್ಲ."

ಮುಂದಿನ ಸೀಟಿನಲ್ಲಿದ್ದ ಯಜಮಾನರು ರೇಡಿಯೋದ ಧ್ವನಿ ಏರಿಸಿದರು.

ರಾಟರ್‌ಡ್ಯಾಮಿನ ಸಭಾಂಗಣ ಹಿಂದೆ ಬಂದರಿನ ಗೋದಾಮಾಗಿತ್ತಂತೆ. ನೆಲವೆಲ್ಲ ಹಳೆಯ ಮರದ ಹಲಗೆ. ಹೊರದೇಶಗಳ ಉತ್ಸವಗಳ ಸಂಘಟಕರನ್ನು ವೌಟರ್ ಕರೆಸಿದ್ದ. ವೇದಿಕೆಯ ಮುಂಭಾಗದಲ್ಲಿ ಒಂದು ಚಿಕ್ಕ ಜಮಖಾನ ಹಾಸಿ, ಅದರ ಮೇಲೆ ಪ್ರತ್ಯೇಕ ದೀಪ ಬಿಡಿಸಿದ್ದ. ನಾವು ಬಂದು, ಎಲ್ಲರ ಕಣ್ಣೆದುರು, ಅದರ ಮೇಲೆ ಶೂಗಳನ್ನು ಬಿಚ್ಚಿಡಬೇಕೆಂಬುದು ಏರ್ಪಾಡು. ದೀಪ ವಾದ್ಯಗಳ ಮೇಲೆ ಬೀಳುವಂತೆ ಮಾಡಿರೆಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೆ. ಆಗ ದೀಪ ಇರುತ್ತಿರಲಿಲ್ಲ. ಶೂಗಳಿಗೆ ದೀಪ ಸಿಕ್ಕಿತು.

ನಾನು ಅಂದು ಸಂತೆಗೆ ಹಾಕಿಕೊಂಡು ಹೋಗುವ ಕಪ್ಪು ಶೂ ಧರಿಸಿದ್ದೆ. ಪಕ್ಕದ ಪರದೆಯ ಹಿಂದೆ ನಿಂತಾಗ ಯಜಮಾನರು ನೋಡಿದರು. ಅವರು ಜಮಖಾನದ ತನಕವೂ ಕಾಯದೆ ಆಗಲೇ ಬರಿಗಾಲಿನಲ್ಲಿದ್ದರು.

"ಸರೂ, ಅಲ್ಲಿ ಹೋದಾಗ ಬೇಗ ಬಿಚ್ಚಿಬಿಡು. ಲೇಸ್ ಗಂಟು ಹಾಕಿದೀಯ."

"ಬಿಚ್ಚಲ್ಲ."

"ಕೈಯಲ್ಲಿ ವಾದ್ಯ ಇದೆ ಕಣೇ!"

"ಗೊತ್ತು ರೀ."

ಗಿರಿ ಬಗ್ಗಿ ನನ್ನ ಕಾಲು ನೋಡಿ, ತನ್ನದನ್ನು ನೋಡಿಕೊಂಡ. "ಅತ್ತಿಗೆ, ಮುಂಚೆ ಹೇಳಬಾರದಾ? ನಾನು ಬಿಚ್ಚಿಬಿಟ್ಟೆ. ಸಾಕ್ಸ್ ಬೇರೆ ತೂತು."

"ಹಾಕ್ಕೋ."

"ಹಾಕ್ಕೊಳ್ಳೋಕೆ ಎರಡು ಕೈ ಬೇಕು. ನಮ್ಮನೆಯವಳನ್ನ ಯಾರು ಹಿಡ್ಕೋತಾರೆ?"

ಮೇಘನಾ ಅವನ ಬೇಸ್ ಹಿಡಿದುಕೊಂಡಳು. ಅವನು ಲೇಸು ಕಟ್ಟಿ ಎದ್ದ ಮೇಲೆ ಬೇಸನ್ನು ಅವನ ಕೈಗಿತ್ತು, ತಾನೂ ಕುಳಿತು ತನ್ನ ಬೂಟು ಹಾಕಿಕೊಂಡಳು. ನನ್ನ ಮುಖ ನೋಡಲಿಲ್ಲ. ಜಿಪ್ ಎಳೆಯುವ ಶಬ್ದ ಮಾತ್ರ ಕೇಳಿಸಿತು.

ಆ ಜಮಖಾನವನ್ನು ದಾಟಿ ನಡೆದದ್ದು ನನ್ನ ವೃತ್ತಿಯಲ್ಲಿ ಅತ್ಯಂತ ಕಷ್ಟದ ಕೆಲಸ. ಮ್ಯಾಂಡೊಲಿನ್ ಕೈಯಲ್ಲಿರುವಾಗ ನನ್ನ ಪಾದದಲ್ಲಿ ಪಾದರಕ್ಷೆ ಇದ್ದುದು ಹುಟ್ಟಿನಿಂದ ಅದೇ ಮೊದಲು. ಸಭೆಯಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಒಬ್ಬ ಗಂಡಸು ನಗುತ್ತ, "ಶೂ ಬಿಚ್ಚಿ!" ಎಂದು ಡಚ್ ಭಾಷೆಯಲ್ಲಿ ಕೂಗಿದ. ಇನ್ನಿಬ್ಬರು ದನಿಗೂಡಿಸಿದರು.

ಮೇಘನಾ ಮೈಕಿನ ಹತ್ತಿರ ಬಂದಳು. ಅದೇ ಭಾಷೆಯಲ್ಲಿ, "ಮೊದಲು ನೀವು ಬಿಚ್ಚಿ ಮೆನೇರ್," ಎಂದಳು. "ನಿಮ್ಮ ಪಾದ ಚೆನ್ನಾಗಿದ್ದರೆ ನಾನೂ ಟಿಕೆಟ್ ತಗೋತೀನಿ."

ಸಭೆ ಗೊಳ್ಳೆಂದು ನಕ್ಕಿತು. ನಗು ಆರುವ ಮುಂಚೆ ಅವಳು ತನ್ನ ರಚನೆಯನ್ನು ಎತ್ತಿಕೊಂಡಳು. ಯಜಮಾನರು ಬೇರೆ ಹಾಡಿಗೆ ಸಿದ್ಧರಾಗಿದ್ದರು, ತಡವರಿಸಿ ಜೊತೆಗೂಡಿದರು. ಆಗ ನನಗೆ ಒಂದು ಹೊಸ ಸದ್ದು ಕೇಳಿಸಿತು. ಮೇಘನಾಳ ಬೂಟಿನ ಹಿಮ್ಮಡಿ ಆ ಹಳೆಯ ಹಲಗೆಗಳ ಮೇಲೆ ನನ್ನ ಚಾಪ್‌ನ ಜೊತೆಜೊತೆಗೇ ಬೀಳುತ್ತಿತ್ತು. ಒಂದೇ ಮೈಕು ಅದನ್ನೂ ಹಿಡಿದು ಸಭಾಂಗಣಕ್ಕೆಲ್ಲ ಹಂಚಿತು. ಬರಿಗಾಲಿನಲ್ಲಿದ್ದಷ್ಟು ವರ್ಷ ಆ ಹಿಮ್ಮಡಿ ಯಾರಿಗೂ, ನನಗೂ, ಕೇಳಿಸಿರಲಿಲ್ಲ. ಮೊದಲ ಸುತ್ತು ಮುಗಿದಾಗ ಯಜಮಾನರು ವಾಡಿಕೆಯಂತೆ ಭುಜ ತೂರಿಸಿ ಮುಂದೆ ಬಂದರು. ಅವಳು ಕದಲಲಿಲ್ಲ. ಅವರು ಇನ್ನೊಂದು ಪಕ್ಕದಿಂದ ಬಂದರು. ಅವಳು ಕಮಾನು ನಿಲ್ಲಿಸದೆ ತಲೆಯಾಡಿಸಿ, ಎರಡನೇ ಸುತ್ತಿಗೆ ಮಂದ್ರಕ್ಕೆ ಇಳಿದಳು. ಯಜಮಾನರು ಹಿಂದೆ ಸರಿದು ನಿಂತರು. ನಾನು ಬಾಗಿಲು ತಟ್ಟದೆ ಬಾರಿಸಿದೆ.

ಮುಗಿದಾಗ ಚಪ್ಪಾಳೆ ತಟ್ಟಿದರು. ಎಲ್ಲರೂ ಅಲ್ಲ. ಮುಂದಿನ ಸಾಲಿನ ಕೆಲವು ಅತಿಥಿಗಳು ಕೈಕಟ್ಟಿಕೊಂಡೇ ಇದ್ದರು.

ಕೆಳಗಿಳಿದೊಡನೆ ವೌಟರ್ ಬಂದು, "ನೀವು ನಿಮ್ಮ ಬ್ರ್ಯಾಂಡನ್ನು ಕೊಂದಿರಿ," ಎಂದ.

"ಶೂ ಕೆಳಗೆ ಸಿಕ್ಕಿಬಿಡ್ತು. ನೋಡಲಿಲ್ಲ, ಸಾರಿ," ಎಂದ ಗಿರಿ.

ನಾನು ಮೂಲೆಗೆ ಹೋಗಿ ಶೂ ಬಿಚ್ಚಿ, ಮ್ಯಾಂಡೊಲಿನ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. ನಾನು ಮಾಡಿದ್ದು ಸರಿ ಎಂದು ಇಂದಿಗೂ ನಂಬುತ್ತೇನೆ. ಆದರೂ ಅದನ್ನು ನನ್ನ ಕಾಲಿನಿಂದ ಮಾಡಿಸಿದವರನ್ನು ಕ್ಷಮಿಸುವುದಿಲ್ಲ. ನನಗೆ ಮೈಸೂರಿನಿಂದ ಬಂದ ಒಂದು ಒಳ್ಳೆಯ ಅಭ್ಯಾಸವನ್ನು, ಅದನ್ನು ಉಳಿಸಿಕೊಳ್ಳಲಿಕ್ಕಾಗಿಯೇ, ನಾನೇ ಮುರಿಯಬೇಕಾದ ಸ್ಥಿತಿಗೆ ಅವರು ತಂದರು. ಅವರಲ್ಲಿ ಒಬ್ಬರು ನನ್ನ ಮನೆಯಲ್ಲಿಯೇ ಇದ್ದಾರೆ. ಬೆಳಿಗ್ಗೆ ಅವರಿಗೆ ಕಾಫಿ ಕೊಡುತ್ತೇನೆ. ಆ ವಿಷಯ ಎತ್ತಿದರೆ ಅವರು ಪತ್ರಿಕೆಯನ್ನು ಮುಖಕ್ಕೆ ಹತ್ತಿರ ಹಿಡಿಯುತ್ತಾರೆ.

ಕಾರ್ಯಕ್ರಮಗಳಿಗೆ ಕರೆಗಳು ನಿಂತುಹೋದವು. ಮೇಘನಾ ಪಿಟೀಲು ಬಿಡಲಿಲ್ಲ. ಕೆಲವು ತಿಂಗಳ ನಂತರ ರಾಟರ್‌ಡ್ಯಾಮಿನಲ್ಲಿ ತನ್ನ ವಯಸ್ಸಿನ ಮೂವರೊಂದಿಗೆ ಹೊಸ ತಂಡ ಕಟ್ಟಿದಳು. ಸುದ್ದಿ ಹೇಳಲು ಮನೆಗೆ ಬಂದಾಗ ನಾನು ಮ್ಯಾಂಡೊಲಿನ್‌ಗೆ ಹೊಸ ತಂತಿ ಹಾಕುತ್ತಿದ್ದೆ.

"ಅಮ್ಮ, ಬೇಜಾರ್ ಮಾಡ್ಕೋಬೇಡ," ಎಂದಳು. "ನೀನು ಬರಬಾರದು. ನೀನು ಪಕ್ಕದಲ್ಲಿ ನಿಂತ ಕೂಡ್ಲೇ ನಾವು ಮತ್ತೆ ಫ್ಯಾಮಿಲಿ ಆಗ್ತೀವಿ. ಮತ್ತೆ ಅದೇ ಪೋಸ್ಟರ್."

"ಚಾಪ್ ಯಾರು ಹೊಡೀತಾರೆ?"

"ಒಬ್ಬ ಹುಡುಗ ಇದಾನೆ."

"ಹೇಗಿದಾನೆ?"

"ನಿನ್ನಷ್ಟು ಗಟ್ಟಿ ಇಲ್ಲ."

ನಾನು ನಿವೃತ್ತಳಾದದ್ದು ಹೀಗೆ. ಬೀಳ್ಕೊಡುಗೆ ಸಮಾರಂಭ ಇರಲಿಲ್ಲ. ಅವಳ ಮಾತು ಸರಿ ಎಂದು ತಿಳಿದೂ ನನಗೆ ಅಂದು ಬಂದ ಸಿಟ್ಟನ್ನು ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ. ಎಲ್ಲ ತಂತಿಗಳನ್ನೂ ಹಾಕಿ, ಶ್ರುತಿ ಮಾಡಿ, ಪೆಟ್ಟಿಗೆಯಲ್ಲಿಟ್ಟೆ.

ಈ ಚಳಿಗಾಲದಲ್ಲಿ ಅವಳ ತಂಡದ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ನನ್ನ ಪಕ್ಕದಲ್ಲಿ ನನ್ನದೇ ವಯಸ್ಸಿನ ಡಚ್ ಮಹಿಳೆಯೊಬ್ಬರಿದ್ದರು. ಮೇಘನಾ ತನ್ನ ರಚನೆಯನ್ನು ಮುಗಿಸಿದಾಗ ಅವರು ನನ್ನ ಕಡೆ ಬಾಗಿ, "ಎರಡನೇ ಸುತ್ತಿನಲ್ಲಿ ಧಾಟಿಯನ್ನು ಕೆಳಕ್ಕೆ ಇಳಿಸಿದಳಲ್ಲ, ಕೇಳಿದಿರಾ?" ಎಂದರು.

"ಕೇಳಿದೆ," ಎಂದೆ.

ಅವಳು ನನ್ನ ಮಗಳು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಳಿದ್ದರೆ ಮಾತು ಆ ಧಾಟಿಯನ್ನು ಬಿಟ್ಟು ನಮ್ಮ ಮನೆ, ನಮ್ಮ ದೇಶದ ಕಡೆ ತಿರುಗುತ್ತಿತ್ತು. ಆದ್ದರಿಂದ ಹೇಳಲಿಲ್ಲ. ಅಷ್ಟರಲ್ಲಿ ತಂಡ ಮುಂದಿನ ಹಾಡನ್ನು ಎತ್ತಿಕೊಂಡಿತ್ತು.

"ಮ್ಯಾಂಡೊಲಿನ್ ಮಾತ್ರ ಕೂದಲೆಳೆಯಷ್ಟು ಹಿಂದೆ ಬೀಳ್ತಿದೆ," ಎಂದೆ.

ಆಕೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, "ಹೌದಲ್ಲ," ಎಂದರು.

ಇಂತು ಸಲ್ಲಿಸಿದವಳು,
ಸರೋಜ ಶ್ರೀಪತಿ
ನಿವೃತ್ತ ಮ್ಯಾಂಡೊಲಿನ್ ವಾದಕಿ, ನೈಮೆಗನ್